ಬಾಣಂತಿಯ ನೀರು

“ನಿನ್ನ ಮಗಳು ಹಡದಾಳಂತ ಸರ್ಕಾರದ ರಸ್ತೆ ನಿಂದ್ರಸಬೇಕೇನ ರಂಡೆ? ಮೊದಲ ಬುಟ್ಟಿ ಎತ್ತ.”

ಓವರಸಿಯರ್ ಕೃಷ್ಣಾಜಿಯ ಬಾಯಿ ಬೆಳಗಿನ ಚಹಾ ಇಳಿಯುವ ಮೊದಲೇ ತೆರೆಯುತ್ತಿತ್ತು. ಕಾಶವ್ವ ಕೇಳಿದ್ದು ಅರ್ಧ ದಿನವೂ ಅಲ್ಲ. ಅವಳ ಮಗಳು ದುರುಗಿ ಹಡೆದು ಅಂದಿಗೆ ಐದನೆಯ ದಿನ. ಐದೇಶಿಯ ದಿನ ಬಾಣಂತಿಗೆ ತಲೆಯ ಮೇಲಿಂದ ಬಿಸಿನೀರು ಎರೆಯಬೇಕು. ಎರೆದ ಮೇಲೆ ರಾತ್ರಿ ಶೆಟಿಗೆವ್ವ ಬಂದು ಕೂಸಿನ ಹಣೆಯ ಮೇಲೆ ಬರೆದು ಹೋಗುತ್ತಾಳೆ. ಎರೆಯದ ಬಾಣಂತಿಯ ಹೊಸ್ತಿಲನ್ನು ಆ ತಾಯಿ ತುಳಿಯುವುದಿಲ್ಲ ಎಂದು ನಮ್ಮ ಒಡ್ಡರ ಓಣಿಯಲ್ಲಿ ಹುಟ್ಟಿದ ಯಾರನ್ನು ಕೇಳಿದರೂ ಹೇಳುತ್ತಾರೆ.

“ಹಂಡೇ ಒಲಿ ಮ್ಯಾಲೆ ಇಟ್ಟ ಬಂದೇನ್ರಿ ಸಾಹೇಬ್ರ. ಒಂದ ಗಳಿಗಿ ಬಿಡ್ರಿ. ಎರದು ಓಡಿ ಬರತೇನಿ” ಎಂದಳು ಕಾಶವ್ವ.

“ಕಾಯಲಿ ನೀರು. ಸಂಜೀಕ ಎರಿ. ತೂ ಕಾಯ್ ಪೇಶವ್ಯಾಂಚಿ ರಾಣಿ ಆಹೇಸ್?” ಕೃಷ್ಣಾಜಿ ಪುಣೆಯವನು. ನಮ್ಮನ್ನು ಬೈಯಲು ಬೇಕಾದಷ್ಟು ಕನ್ನಡ ಕಲಿತಿದ್ದ. ಅದು ಸಾಲದೆ ಹೋದಾಗ ಹೀಗೆ, ನೀನೇನು ಪೇಶವೆಯರ ರಾಣಿಯೇನು ಎಂದು, ಮರಾಠಿಯಲ್ಲಿ ಮುಗಿಸುತ್ತಿದ್ದ.

ನಾನು ಕಾಶವ್ವನ ಹಿಂದೆಯೇ ನಿಂತಿದ್ದೆ. ನನ್ನ ಹೆಸರು ಹುಲಿಗೆವ್ವ, ನನ್ನ ಬಾಯಿಯೂ ಸಣ್ಣದಲ್ಲ. “ಸಾಹೇಬ್ರ, ನಿಮ್ಮವ್ವ ನಿಮ್ಮನ್ನ ಹಡದಾಗ ಸಂಜೀತನಕ ಹಸೀ ಮೈಯಾಗ ಕುಂತಿದ್ದಳೇನ್ರಿ?” ಎಂದು ಕೇಳಿದೆ. ಅವನ ಕೈಯ ಬೆತ್ತ ನನ್ನ ಮೀನಖಂಡದ ಮೇಲೆ ಬಂತು. ಕಾಶವ್ವ ಬುಟ್ಟಿ ಎತ್ತಿದಳು, ಅವಳ ಹಿಂದೆ ನಾನೂ ಎತ್ತಿದೆ.

ನಾವು ಬಾಗಲಕೋಟೆಯ ಕಡೆಯವರು. ನಮ್ಮನ್ನು ತಂದವನು ಕೂಲಿಯಾಳುಗಳ ಮುಂದಾಳು, ಮುಕ್ಕಾದಮ ನಿಜಲಿಂಗಪ್ಪ. ಅವನು ನಮ್ಮ ಜಾತಿಯವನಲ್ಲ, ನಮ್ಮ ಸೀಮೆಯವನು. ಪುಣೆಯಿಂದ ಸಾತಾರೆಗೆ ಹೋಗುವ ಘಾಟಿನ ರಸ್ತೆಯನ್ನು ಮೋಟಾರುಗಳಿಗಾಗಿ ಅಗಲ ಮಾಡುವ ಕೆಲಸ ನಡೆದಿತ್ತು. ಗುತ್ತಿಗೆ ಹಿಡಿದವರು ಮಾರ್ತಾಂಡರಾಯರು, ಮೂಲ ಧಾರವಾಡದವರು. ಸದಾಶಿವ ಪೇಠೆಯಲ್ಲಿ ಅವರದು ದೊಡ್ಡ ವಾಡೆ. ಮೊದಲ ದಿನ ಅವರ ಬಾಯಲ್ಲಿ ಕನ್ನಡ ಕೇಳಿ ನಮ್ಮ ಮುದುಕಿಯರು ಕಣ್ಣಿಗೆ ಸೆರಗು ಒತ್ತಿಕೊಂಡಿದ್ದರು. ಎಂಥ ಹುಚ್ಚರಪ್ಪ ನಾವು.

ರಸ್ತೆಯ ಒಡ್ಡಿಗೆ ಮಣ್ಣು ದೂರದಿಂದ ತರಿಸಿದರೆ ತಡವಾಗುತ್ತದೆಂದು ರಾಯರು ಗುಡ್ಡದ ಬುಡಕ್ಕೇ ಅಗೆಯಲು ಗೆರೆ ಹಾಕಿಸಿದರು. ಅಲ್ಲಿ ಮಣ್ಣು ಬೆಣ್ಣೆಯ ಹಾಗೆ ಮೆತ್ತಗಿತ್ತು. ಗುದ್ದಲಿ ಬಿದ್ದಲ್ಲಿ ತಾನಾಗಿ ಕಳಚಿ ಬರುತ್ತಿತ್ತು. ಇಡೀ ಜನ್ಮ ಕಲ್ಲು ಒಡೆದವರಿಗೆ ಅಂಥ ನೆಲ ಸಿಕ್ಕರೆ ಏನಾದೀತು? ನಮ್ಮ ದೇವಿ ಹುಲಿಗೆಮ್ಮ ಕಣ್ಣು ಬಿಟ್ಟಳೆಂದು ಕಾಯಿ ಒಡೆದೆವು. ಅಗೆದ ತಗ್ಗಿನಲ್ಲೇ ಗುಡಿಸಲು ಹಾಕಿಕೊಳ್ಳಿ ಎಂದರು ರಾಯರು. “ಗಾಳಿ ಬಡಿಯೂದಿಲ್ಲ, ಬೆಚ್ಚಗಿರತೀರಿ.” ಹಾಕಿಕೊಂಡೆವು. ಮಳೆ ಹಿಡಿದ ಮೇಲೆ ತಗ್ಗಿನ ಗೋಡೆಯಿಂದ ನೀರು ಒಸರತೊಡಗಿತು. ಬರಬರುತ್ತ ಅದು ಕೆಂಪಾಯಿತು. ಮನೆ ಬಾಗಿಲಿಗೇ ಬುಗ್ಗೆ ಬಂತೆಂದು ಅದಕ್ಕೂ ಅರಿಷಿಣ ಕುಂಕುಮ ಏರಿಸಿದವರು ನಾವೇ. ಗುಡ್ಡ ಒಳಗಿಂದ ಕೊಳೆತು ನಮ್ಮ ಅಂಗಳದಲ್ಲಿ ಸೋರುತ್ತಿತ್ತು, ನಾವು ಅದರಲ್ಲೇ ಅಂಬಲಿ ಕಾಸಿ ಕುಡಿದೆವು.

ಐದೇಶಿಯ ಆ ಮುಂಜಾನೆ ಮಳೆ ನಿಂತಿತ್ತು. ನಾನು ರಸ್ತೆಯ ತಿರುವಿನಲ್ಲಿ ಬುಟ್ಟಿ ಸುರಿಯುತ್ತಿದ್ದೆ. ಮೊದಲು ಕೇಳಿದ್ದು ಬೇರು ಹರಿಯುವ ಸದ್ದು. ತಿರುಗಿ ನೋಡಿದರೆ ಗುಡ್ಡದ ಮೇಲಿನ ಒಂದು ಹುಣಸೆಮರ ನೆಟ್ಟಗೆ ನಿಂತುಕೊಂಡೇ ಕೆಳಗೆ ಬರುತ್ತಿತ್ತು. ಕೊಂಬೆ ಸಹ ಅಲುಗಲಿಲ್ಲ. ಅದರ ಹಿಂದೆ ಗುಡ್ಡದ ಅರ್ಧ ಮೈ ಬಂತು. ಗುಡಿಸಲುಗಳ ಸಾಲು ಮುಚ್ಚಿತು, ರಸ್ತೆ ಮುಚ್ಚಿತು, ಕೆಳಗಿನ ಕಲ್ಲಿನ ಮೋರಿ ಕಿತ್ತು ಕಣಿವೆಗೆ ಬಿತ್ತು.

ನಾವೆಲ್ಲ ಕೆಲಸದ ಮೇಲಿದ್ದೆವು. ಗುಡಿಸಲಿನಲ್ಲಿ ಇದ್ದವರು ದುರುಗಿ ಮತ್ತು ಇನ್ನೂ ಹೆಸರಿಡದ ಅವಳ ಕೂಸು.

ಕಾಶವ್ವ ಅಳಲಿಲ್ಲ. ರಾಡಿಯ ಮೇಲೆ ಮೊಣಕಾಲೂರಿ ಎರಡೂ ಕೈಯಿಂದ ಕೆದರತೊಡಗಿದಳು. ದುರುಗಿಯ ಗಂಡ ಮಹಾಲಿಂಗ ಗುದ್ದಲಿ ತಂದ. ಎಲ್ಲರೂ ಬಿದ್ದು ಅಗೆದೆವು. ಮಧ್ಯಾಹ್ನದ ಹೊತ್ತಿಗೆ ಮಾರ್ತಾಂಡರಾಯರ ಮೋಟಾರು ಬಂತು. ಕೊಡೆ ಬಿಡಿಸಿಕೊಂಡು ಇಳಿದರು.

“ರಸ್ತೆ ಎಷ್ಟು ಮುಚ್ಚೇದ?” ಅದು ಅವರ ಮೊದಲ ಮಾತು. ಕೃಷ್ಣಾಜಿ ಹೇಳಿದ. ಆಮೇಲೆ, ಒಳಗೆ ಇಬ್ಬರು ಇದ್ದಾರೆಂಬುದನ್ನೂ ಹೇಳಿದ. ರಾಯರು ನಾಲಿಗೆ ಲೊಚಗುಟ್ಟಿ ನಮ್ಮ ಕಡೆ ಬಂದರು.

“ಏಳ್ರಿ, ಏಳ್ರಿ. ಮ್ಯಾಲಿಂದ ಇನ್ನೂ ಕಲ್ಲು ಉರುಳಾಕತ್ತಾವ. ಸತ್ತವರನ್ನ ತೆಗೀಲಿಕ್ಕೆ ಹೋಗಿ ಇದ್ದವರು ಸಾಯಬ್ಯಾಡ್ರಿ. ನಿಮ್ಮ ಜೀವದ ಮ್ಯಾಲಿನ ಕಳಕಳಿಗೆ ಹೇಳ್ತೀನಿ.”

ಕೃಷ್ಣಾಜಿಯ ಜನ ನಮ್ಮನ್ನು ರಟ್ಟೆ ಹಿಡಿದು ಎಬ್ಬಿಸಿದರು. ಮರುದಿನ ಮುಂಜಾನೆ ಅದೇ ರಾಡಿಯ ಮೇಲೆ, ಅದೇ ಉರುಳುವ ಕಲ್ಲುಗಳ ಕೆಳಗೆ, ಅದೇ ನಮ್ಮನ್ನು ರಸ್ತೆ ತೆರವು ಮಾಡಲು ನಿಲ್ಲಿಸಿದರು. ಆಗ ಯಾರ ಕಳಕಳಿಯೂ ಕಾಣಲಿಲ್ಲ. ಮಹಾಬಳೇಶ್ವರದಲ್ಲಿ ಬೇಸಿಗೆ ಕಳೆದ ದೊಡ್ಡ ಸಾಹೇಬರು ಪುಣೆಗೆ ಇಳಿಯುವ ದಿನ ಹತ್ತಿರ ಬಂದಿತ್ತು. ಮೋಟಾರು ಹಾಯುವಷ್ಟು ಮಣ್ಣು ಕೆರೆದು ಕಣಿವೆಗೆ ತಳ್ಳುವುದು, ಉಳಿದದ್ದರ ಮೇಲೆ ಜಲ್ಲಿ ಹಾಕಿ ರೋಲರು ಹೊಡೆಯುವುದು ಎಂದು ಅಪ್ಪಣೆಯಾಯಿತು. ಗುಡಿಸಲಿನ ತಗ್ಗು ಹೇಗೂ ತುಂಬಿದೆ, ರಸ್ತೆ ಇನ್ನಷ್ಟು ಅಗಲವಾದರೆ ಚಲೋ ಅಂದರು ರಾಯರು. ಹೊಸ ರಸ್ತೆ ದುರುಗಿಯ ಮೇಲೆಯೇ ಹಾಯುವುದಿತ್ತು.

“ನನ್ನ ಮಗಳು ಎರಕೊಂಡಿಲ್ಲರಿ. ಹಸೀ ಮೈ” ಎಂದಳು ಕಾಶವ್ವ. “ತೆಗದು, ಎರದು, ಆಮ್ಯಾಲೆ ಬೇಕಾದಲ್ಲಿ ಹುಗೀತೀನಿ. ನಿಮ್ಮ ರಸ್ತೀಗೆ ಅಡ್ಡ ಬರೂದಿಲ್ಲ.”

“ನಮ್ಮ ಭಟ್ಟರನ್ನ ಕೇಳೋಣ” ಎಂದರು ರಾಯರು.

ಭಟ್ಟರು ಪುಣೆಯಿಂದ ರಾಯರ ಮೋಟಾರಿನಲ್ಲೇ ಬಂದರು. ಗುಡ್ಡದ ಶಾಂತಿಗೆ ಹೋಮ ಹಾಕಿದರು. ಅಡ್ಡ ಹಗ್ಗ ಕಟ್ಟಿ ನಮ್ಮನ್ನು ಆಚೆ ನಿಲ್ಲಿಸಿದ್ದರು. ದರ್ಭೆಯಿಂದ ನಮ್ಮ ಕಡೆ ನೀರು ಚಿಮುಕಿಸಿದರು, ಅದು ನಡುವಿನ ಹುಲ್ಲಿಗೇ ಬಿತ್ತು. ದೇವಿಯ ಗುಡ್ಡದ ಕೆಳಗೆ ಇಂಥವರು ಹಡೆದು ಮೈಲಿಗೆ ಮಾಡಿದ್ದರಿಂದಲೇ ಇದಾಯಿತೆಂದು ಅವರು ಹೇಳಿದರು. ಸೂತಕದ ಹೆಣ ಮೇಲೆ ತೆಗೆದರೆ ಉಳಿದ ಗುಡ್ಡವೂ ಬರುತ್ತದೆ ಎಂದರು. ರಾಯರು ಕೈ ಮುಗಿದು ನಮ್ಮ ಕಡೆ ತಿರುಗಿದರು, ಕೇಳಿದಿರೇನು ಎಂಬಂತೆ.

“ಗುಡ್ಡದ ಕಾಲು ಕಡಿಸಿದಾವ್ರು ಇವರು, ಮೈಲಿಗಿ ಮಾತ್ರ ದುರುಗೀದಂತ” ಎಂದೆ. ಪಕ್ಕದಲ್ಲಿದ್ದ ನಿಜಲಿಂಗಪ್ಪ ನನ್ನ ಬಾಯಿಗೆ ಕೈ ಅಡ್ಡ ಹಿಡಿದ.

ಕಾಶವ್ವ ದಿನಾ ಮುಂಜಾನೆ ಒಂದು ಚಿಮಣಿ ಎಣ್ಣೆಯ ಖಾಲಿ ಡಬ್ಬಿಯಲ್ಲಿ ನೀರು ತುಂಬಿ, ರಸ್ತೆಯ ಅಂಚಿನಲ್ಲಿ ಮೂರು ಕಲ್ಲಿಟ್ಟು, ಒದ್ದೆ ಕಟ್ಟಿಗೆಯನ್ನು ಊದಿ ಊದಿ ಕಾಯಿಸುತ್ತಿದ್ದಳು. ದಿನಾ ಕೃಷ್ಣಾಜಿ ಬಂದು ಅದನ್ನು ಬೂಟಿನಿಂದ ಒದೆಯುತ್ತಿದ್ದ. ನೀರು ಚೆಲ್ಲಿ ಬೂದಿ ಮೇಲೇಳುತ್ತಿತ್ತು. ಅವಳು ಡಬ್ಬಿ ಎತ್ತಿ ಪಕ್ಕಕ್ಕಿಟ್ಟು ಬುಟ್ಟಿ ಹಿಡಿಯುತ್ತಿದ್ದಳು.

ಮಣ್ಣು ಅಗೆಯುವವರಲ್ಲಿ ಒಂದು ಪದ್ಧತಿ ಇದೆ. ಸುತ್ತ ಎಲ್ಲ ಅಗೆದರೂ ನಡುವೆ ಒಂದು ಕಡೆ ನೆಲವನ್ನು ಮುಟ್ಟದೆ ಹಾಗೇ ಕಂಬದಂತೆ ಬಿಡಬೇಕು. ಅದಕ್ಕೆ ದಿಬ್ಬ ಎನ್ನುತ್ತೇವೆ. ನೆಲ ಮೊದಲು ಎಷ್ಟು ಎತ್ತರ ಇತ್ತು, ಎಷ್ಟು ಅಗೆದಿದ್ದಾರೆ ಎಂದು ಇಂಜಿನೀಯರು ಅದನ್ನು ನೋಡಿಯೇ ಅಳೆಯುತ್ತಾನೆ. ಅಳತೆ ಆಗುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ಗುತ್ತಿಗೆದಾರನೂ ಮುಟ್ಟುವಂತಿಲ್ಲ. ದಿಬ್ಬ ಕಡಿದವನನ್ನು ಕೆಲಸದಿಂದ ಓಡಿಸುತ್ತಾರೆ. ಕುಸಿದ ಮಣ್ಣಿಗೂ ಅದೇ ಕಾನೂನು. ಎಷ್ಟು ರಾಡಿ ತೆಗೆಸಿದೆವೆಂದು ಸರ್ಕಾರಕ್ಕೆ ತೋರಿಸಲು ರಾಯರಿಗೂ ದಿಬ್ಬ ಬೇಕಿತ್ತು.

“ದಿಬ್ಬ ಎಲ್ಲಿ ಬಿಡೂನು?” ಎಂದು ರಸ್ತೆ ತೆರವಿನ ಮೊದಲ ದಿನವೇ ನಿಜಲಿಂಗಪ್ಪ ಕೇಳಿದ್ದ.

ಕಾಶವ್ವ ರಾಡಿಯ ಮೇಲೆ ನಡೆದು ಹೋದಳು. ಕಣಿವೆಯ ಆಚೆಯ ಬೋಳು ಬಂಡೆಯನ್ನು ನೋಡಿದಳು, ರಸ್ತೆ ತಿರುವಿನ ಕಲ್ಲನ್ನು ನೋಡಿದಳು, ಎರಡು ಹೆಜ್ಜೆ ಸರಿದು ನಿಂತಳು. “ಇಲ್ಲಿ” ಎಂದಳು. ಅಷ್ಟು ದಿನ ಅವಳು ಗುಡಿಸಲಿನ ಬಾಗಿಲಲ್ಲಿ ಕೂತು ಅವೆರಡನ್ನೇ ನೋಡುತ್ತಿದ್ದಳು, ಗುಡಿಸಲಿದ್ದ ಜಾಗ ಅವುಗಳ ನೇರದಿಂದಲೇ ಅವಳಿಗೆ ಸಿಕ್ಕಿತು.

“ಇದು ರಸ್ತೀ ನಟ್ಟ ನಡುವ ಬರತದಲಬೇ” ಎಂದ ನಿಜಲಿಂಗಪ್ಪ.

“ಬರಲಿ.”

ಅವನು ಅವಳ ಮುಖ ನೋಡಿದ. ಅವನಿಗೆ ತಿಳಿಯಿತೆಂದು ನನಗೆ ತಿಳಿಯಿತು. ನಮ್ಮ ಕೂಲಿಯಲ್ಲಿ ಪಾಲು ತಿನ್ನುವ ಮನುಷ್ಯ ಅವನು, ಒಳ್ಳೆಯವನೆಂದು ನಾನು ಹೇಳುವುದಿಲ್ಲ. ಆದರೆ ಆ ಹೊತ್ತು ಸುಮ್ಮನೆ ಅಲ್ಲಿ ನಾಲ್ಕು ಗೂಟ ಬಡಿದ.

ಸುತ್ತಲಿನ ಮಣ್ಣು ಇಳಿಯುತ್ತ ಹೋದ ಹಾಗೆ ದಿಬ್ಬ ಏಳುತ್ತ ಹೋಯಿತು. ಆಳೆತ್ತರವಾಯಿತು. ನೆತ್ತಿಯ ಮೇಲೆ ಗುಡ್ಡದ ಹುಲ್ಲು ಇನ್ನೂ ಹಸಿರಾಗಿತ್ತು. ಹೆಂಗಸರು ಬುಟ್ಟಿ ಹೊತ್ತು ಹಾಯುವಾಗ ಅದರ ಬುಡ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಕೃಷ್ಣಾಜಿ ಅದನ್ನು ನಮ್ಮ ಹಾಳು ದೇವರ ಯಾವುದೋ ಪೂಜೆ ಎಂದುಕೊಂಡು ನಗುತ್ತಿದ್ದ.

ಇಂಜಿನೀಯರು ಬಂದ, ಟೇಪು ಹಿಡಿಸಿದ, ಬಿಸ್ಕೀಟು ತಿಂದು ಹೋದ. ಅವನ ಮೋಟಾರಿನ ಸದ್ದು ಅಡಗುವ ಮೊದಲೇ ಕೃಷ್ಣಾಜಿ ಬೆತ್ತದಿಂದ ದಿಬ್ಬ ತೋರಿಸಿದ.

“ಅಳತಿ ಆತು. ಕಡೀರಿ ಇದನ್ನ. ನಾಳೆ ರೋಲರು ಬರತದ, ನಾಡದ ದೊಡ್ಡ ಸಾಹೇಬರ ಗಾಡಿ.”

ಮಹಾಲಿಂಗ ಮುಂದೆಯೇ ನಿಂತಿದ್ದ. ಕೈಯಲ್ಲಿದ್ದ ಗುದ್ದಲಿಯನ್ನು ದಿಬ್ಬದ ಬುಡದಲ್ಲಿ ಮಲಗಿಸಿದ. ಅವನ ಹಿಂದಿನವನು ತನ್ನದನ್ನು ಅದರ ಪಕ್ಕ ಇಟ್ಟ. ಒಬ್ಬೊಬ್ಬರಾಗಿ ಎಲ್ಲರೂ ಇಟ್ಟೆವು.

“ಕಡಿಯೂದಿಲ್ಲೇನ್ರಲೇ ಬೋಸುಡೀಮಕ್ಕಳ್ರ್ಯಾ?”

ಕೃಷ್ಣಾಜಿ ಮಹಾಲಿಂಗನ ಕಪಾಳಕ್ಕೆ ಹೊಡೆದ. ಮಹಾಲಿಂಗ ನಿಂತಲ್ಲೇ ನಿಂತ. ಇನ್ನೊಮ್ಮೆ ಹೊಡೆದ. ಸುತ್ತ ಇಷ್ಟು ಮಂದಿ ಇದ್ದಾರೆಂಬುದು ಆಗ ಅವನ ಲಕ್ಷ್ಯಕ್ಕೆ ಬಂದಿರಬೇಕು, ರಾಯರನ್ನು ಕರೆತರಲು ಆಳು ಓಡಿಸಿದ.

ಮಾರ್ತಾಂಡರಾಯರು ಸಂಜೆಗೆ ಬಂದರು. ನಿಧಾನ, ನಯ. “ಕಾಶವ್ವಾ, ನಾನೂ ಆ ಕಡೆಯಾಂವನವಾ. ನಿನ್ನ ಸಂಕಟ ನನಗ ತಿಳೀತದ. ರಸ್ತೆ ಅಂದ್ರ ಪುಣ್ಯದ ಕೆಲಸ. ಸಾವಿರಾರು ಮಂದಿ, ದೊಡ್ಡ ದೊಡ್ಡವರು, ದಿನಾ ನಿನ್ನ ಮಗಳ ಮ್ಯಾಲೆ ಹಾದು ಹೋಗ್ತಾರ. ಇಂಥಾ ಭಾಗ್ಯ ಯಾರಿಗೆ ಬರ್ತದ ಹೇಳು?”

“ನಿಮ್ಮ ಮಗಳ ಮ್ಯಾಲೆ ಹಾಯಲಿ ಬಿಡ್ರಿ ರಾಯರ. ಆ ಭಾಗ್ಯ ನಿಮಗ ಇರಲಿ” ಎಂದಳು ಕಾಶವ್ವ.

ರಾಯರ ಮುಖದ ನಯ ಉದುರಿತು. ಕಾಲಿನ ಚಪ್ಪಲಿ ಕೈಗೆ ಬಂತು. ಅದು ಕಾಶವ್ವನ ಕೆನ್ನೆಯ ಮೇಲೆ ಬಿದ್ದ ಸದ್ದಿಗೆ ಮರದ ಹಕ್ಕಿ ಎದ್ದವು. “ಹಲ್ಕಟ್ ಒಡ್ಡರ ಜಾತಿ. ನಿಜಲಿಂಗಪ್ಪಾ, ಇವತ್ತಿಂದ ಇವರ ಜ್ವಾಳ ಬಂದ್. ನಾಳೆ ರೋಲರಿನ ಜೋಡಿ ಬ್ಯಾರೆ ಆಳು ತರಸ್ತೀನಿ. ಈ ಸೂಳೇರು ಹಸಿದು ಕೆಳಗ ಇಳೀಲಿ.” ಮುಟ್ಟಿದ ಚಪ್ಪಲಿಯನ್ನು ಅಲ್ಲೇ ಬಿಸಾಕಿ, ಇನ್ನೊಂದನ್ನೂ ಕಳಚಿ, ಬರಿಗಾಲಲ್ಲಿ ಮೋಟಾರು ಹತ್ತಿದರು. ನಮ್ಮ ಕೆನ್ನೆ ಮುಟ್ಟಿದ ಚಪ್ಪಲಿಯೂ ಅವರಿಗೆ ಮೈಲಿಗೆ.

ಆದರೆ ಮರುದಿನ ರೋಲರು ಬರಲಿಲ್ಲ. ಮಳೆಯಲ್ಲಿ ಕೆಳಗಿನ ತಿರುವಿನಲ್ಲೇ ಹೂತು ನಿಂತಿತ್ತು, ಹೊಸ ಆಳುಗಳೆಲ್ಲ ಅದನ್ನೆಬ್ಬಿಸಲು ಹೋದರು. ಕೊನೆಗೆ ರಾಯರೇ, ದಿಬ್ಬದ ಎರಡೂ ಪಕ್ಕ ಮೋಟಾರು ಹಾಯಲು ಜಾಗ ಇದೆ, ಅದಕ್ಕೆ ಮಾವಿನ ತೋರಣ ಸುತ್ತಿ ಬಾವುಟ ನೆಡಿ, ಶೃಂಗಾರಕ್ಕೆ ಮಾಡಿದ್ದೆಂದು ಸಾಹೇಬರಿಗೆ ಹೇಳಿದರಾಯಿತು, ಆಮೇಲೆ ಕಡಿಯೋಣ ಎಂದರಂತೆ. ಹೀಗೆ ದೊಡ್ಡ ಸಾಹೇಬರು ಬರುವ ದಿನ ಮುಂಜಾನೆ ದುರುಗಿಯ ದಿಬ್ಬ ಬಾವುಟ ಹಿಡಿದು ನಿಂತಿತು.

ರಾಯರು, ಭಟ್ಟರು, ಕೃಷ್ಣಾಜಿ ಎಲ್ಲ ಘಾಟಿನ ನೆತ್ತಿಯ ಸ್ವಾಗತದ ಕಮಾನಿನ ಹತ್ತಿರ ಹಾರ ಹಿಡಿದು ಹೋದರು. ನಮ್ಮ ಮೇಲೆ ಕಾವಲಿಗೆ ಇದ್ದವನು ನಿಜಲಿಂಗಪ್ಪ. ಹಸಿದ ಹೊಟ್ಟೆಯವರು ಏನು ಮಾಡಿಯಾರು ಎಂದು ಅವರ ಲೆಕ್ಕ.

ಮೇಲಿಂದ ಭಟ್ಟರ ಗಂಟೆಯ ಸದ್ದು ಕೇಳಿತು. ಕಾಶವ್ವ ಎದ್ದು ಒಲೆ ಹೂಡಿದಳು. ಈ ಸಲ ಒಂದಲ್ಲ. ಪ್ರತಿ ಹೆಂಗಸೂ ತನ್ನ ತನ್ನ ಡಬ್ಬಿ, ಗಡಿಗೆ, ತಪ್ಪೇಲಿ ತಂದಳು. ರಸ್ತೆಯ ಅಂಚಿನುದ್ದಕ್ಕೂ ಹೊಗೆ ಎದ್ದಿತು. ಮಹಾಲಿಂಗ ಗುದ್ದಲಿ ಎತ್ತಿಕೊಂಡ.

“ಏನ ಮಾಡಾಕತ್ತೀರಿ?” ಎಂದ ನಿಜಲಿಂಗಪ್ಪ.

“ಎರೀತೇವಿ” ಎಂದೆ.

ಅವನು ನನ್ನನ್ನು ನೋಡಿದ, ಗುಡ್ಡದ ಮೇಲೆ ಬಾಯಿ ಬಿಟ್ಟ ಬಿರುಕನ್ನು ನೋಡಿದ. “ಮತ್ತ ಬಂದೀತಬೇ ಅದು.”

“ಬಂದ್ರ ಬರಲಿ. ಅದಕ್ಕೂ ಗೊತ್ತಾಗಲಿ ಯಾರ ಎಲ್ಲಿ ಅದಾರಂತ.”

ಅವನು ದೂರದ ಕಲ್ಲಿನ ಮೇಲೆ ನಮಗೆ ಬೆನ್ನು ಹಾಕಿ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದ. ಅವನಿಂದ ಆಗುವ ಬಂಡಾಯ ಅಷ್ಟೇ.

ದಿಬ್ಬವನ್ನು ನಾವೇ ಇಳಿಸಿ ಅದರ ಬುಡದಿಂದ ಅಗೆದೆವು. ಅಗಲ ಮಾಡದೆ ಆಳ ಹೋಗಲು ಬರುವುದಿಲ್ಲ, ಒದ್ದೆ ಮಣ್ಣು ಜಾರುತ್ತದೆ. ಹಾಗಾಗಿ ರಸ್ತೆಗೆ ಅಡ್ಡ ಈ ತುದಿಯಿಂದ ಆ ತುದಿಗೆ ಕಂದಕವೇ ಬಿತ್ತು. ದಿಬ್ಬದ ಎರಡೂ ಪಕ್ಕ ಹಾಕಿದ್ದ ಜಲ್ಲಿ ಕಣಿವೆಗೆ ಹೋಯಿತು. ನಾವು ಹೆಂಗಸರು ಸಾಲುಗಟ್ಟಿ ಬುಟ್ಟಿ ದಾಟಿಸಿದೆವು. ಇಷ್ಟು ದಿನ ಯಾರಿಗೋ ಹೊತ್ತಿದ್ದೆವು, ಹಸಿದಿದ್ದರೂ ಅಂದು ಬುಟ್ಟಿ ಹಗುರವಿತ್ತು ಎಂದರೆ ಸುಳ್ಳಲ್ಲ.

ಮೊದಲು ಸಿಕ್ಕಿದ್ದು ಹಂಡೆ. ಒಲೆಯ ಮೂರು ಕಲ್ಲಿನ ಮೇಲೆ ಹಾಗೇ ಕೂತಿತ್ತು, ಬಾಯಿ ತುಂಬ ಕೆಂಪು ಮಣ್ಣು. ಕಾಶವ್ವ ಗುದ್ದಲಿಗಳನ್ನು ನಿಲ್ಲಿಸಿದಳು. ಅಲ್ಲಿಂದ ಕೈಯಲ್ಲೇ ತೆಗೆದಳು. ಹುಲ್ಲಿನ ಚಪ್ಪರ ಬಂತು, ತಡಿಕೆ ಬಂತು, ಕೌದಿಯ ಅಂಚು ಬಂತು. ದುರುಗಿ ಗೋಡೆಯ ಕಡೆ ಬೆನ್ನು ಕೊಟ್ಟು ಮುದುಡಿಕೊಂಡಿದ್ದಳು. ಗುಡ್ಡದ ಸದ್ದು ಅವಳಿಗೂ ಕೇಳಿಸಿತ್ತು. ಕೂಸು ಅವಳ ಹೊಟ್ಟೆಗೆ ಒತ್ತಿಕೊಂಡಿತ್ತು, ಎರಡೂ ಕೈ ಅದರ ತಲೆಯ ಮೇಲಿದ್ದವು. ಮಹಾಲಿಂಗ ಒಮ್ಮೆ ನೋಡಿ ಮೇಲೆ ಹತ್ತಿ ಬಂದು ರಸ್ತೆಯ ಮೇಲೆ ಕೂತುಬಿಟ್ಟ.

“ನೀರು” ಎಂದಳು ಕೆಳಗಿನಿಂದ ಕಾಶವ್ವ.

ಮಣ್ಣಿನ ಬುಟ್ಟಿ ದಾಟಿಸಿದ ಸಾಲೇ ಈಗ ಬಿಸಿನೀರು ದಾಟಿಸತೊಡಗಿತು. ಒಲೆಯಿಂದ ಕೈಗೆ, ಕೈಯಿಂದ ಕೈಗೆ, ಸಾಲಿನ ಕೊನೆಯಲ್ಲಿ ನಾನು, ನನ್ನಿಂದ ಕೆಳಗೆ. ಕಾಶವ್ವ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎರೆದಳು. ಕೆಂಪು ನೀರು ಹರಿಯಿತು. ಕೂದಲು ಕಂಡಿತು, ಹಣೆ ಕಂಡಿತು.

ಆಗ ಹಾರ್ನು ಕೇಳಿತು. ತಿರುವಿನಿಂದ ಕರಿಯ ಮೋಟಾರು ಇಳಿದು ಬಂದು ಕಂದಕದ ಅಂಚಿಗೆ ಗಕ್ಕನೆ ನಿಂತಿತು. ಹಿಂದೆ ಇನ್ನೂ ಮೂರೋ ನಾಲ್ಕೋ. ಗಾಜಿನಾಚೆ ಕೆಂಪು ಮುಖವೊಂದು ಹೊರಗೆ ಬಂದು ಇಂಗ್ಲಿಷಿನಲ್ಲಿ ಏನೋ ಕೇಳಿತು. ಕೊನೆಯ ಗಾಡಿಯಿಂದ ಮಾರ್ತಾಂಡರಾಯರು ಧೋತರ ಎತ್ತಿ ಹಿಡಿದು ಓಡಿ ಬಂದರು. ಹಿಂದೆ ಕೃಷ್ಣಾಜಿ.

“ಏನಿದು? ಏನಿದು ನಿಮ್ಮೌನ್? ಸರೀರಿ. ಮುಚ್ಚರಿ ಅದನ್ನ, ಸಾಹೇಬರು ನಿಂತಾರ.”

ಸಾಲು ಅಲುಗಲಿಲ್ಲ. ಗುಡ್ಡದ ಮೇಲಿಂದ ಒಂದು ಕಲ್ಲು ಉರುಳಿ ಬಂದು ಕಂದಕದ ಅಂಚಿಗೆ ಬಡಿದು ನಿಂತಿತು. ಕೃಷ್ಣಾಜಿ ಮೇಲೆ ನೋಡಿ ಅಲ್ಲೇ ನಿಂತ, ಆಮೇಲೆ ಹಿಂದೆ ಸರಿದ. ರಾಯರಿಗೆ ಅದರ ಪರಿವೆ ಇರಲಿಲ್ಲ. ಎರಡೂ ಕೈ ಚಾಚಿಕೊಂಡು ನನಗೂ ಕಂದಕಕ್ಕೂ ನಡುವೆ ಬಂದು ನಿಂತರು, ನೀರು ತಡೆಯಲು.

ನನ್ನ ಕೈಯಲ್ಲಿ ಡಬ್ಬಿ ಇತ್ತು. ನಾನು ಅದನ್ನು ಅವರ ಎದೆಗೆ ನೂಕಿದೆ. ಕಾದ ಡಬ್ಬಿ ಎದೆಗೆ ಬಂದರೆ ಯಾರ ಕೈಯಾದರೂ ಮುಂದೆ ಬರುತ್ತದೆ. ಅವರು ಹಿಡಿದರು.

“ಹಿಡೀರಿ ರಾಯರ. ಬಾಣಂತಿ ನೀರು, ಆರಬಾರದು.”

ಅವರು ಹಿಂದೆ ನೋಡಿದರು. ಸಾಹೇಬನ ಮುಖ ಗಾಜಿನ ಹೊರಗೇ ಇತ್ತು, ಅವರನ್ನೇ ನೋಡುತ್ತಿತ್ತು. ಭಟ್ಟರು ದೂರದಲ್ಲಿ ನಿಂತು ಜನಿವಾರ ಹಿಡಿದುಕೊಂಡಿದ್ದರು. ಡಬ್ಬಿಯ ಬಿಸಿ ರಾಯರ ಅಂಗೈ ಸುಡುತ್ತಿತ್ತು. ಬೀಳಿಸಿದರೆ ನೀರು ಅವರ ಕಾಲ ಮೇಲೆಯೇ ಬೀಳುತ್ತಿತ್ತು.

ಕೆಳಗಿನಿಂದ ಕಾಶವ್ವ ಮಣ್ಣಿನ ಕೈ ಮೇಲೆತ್ತಿದಳು. ಅವಳ ಕೆನ್ನೆಯ ಮೇಲೆ ಚಪ್ಪಲಿಯ ಗುರುತು ಇನ್ನೂ ಇತ್ತು.

“ಕೊಡ್ರಿ” ಎಂದಳು.

ರಾಯರು ಬಗ್ಗಿದರು. ಕೊಟ್ಟರು.

ಮೇಲಿಂದ ಇನ್ನೊಂದಿಷ್ಟು ಹರಳು ಉದುರಿದವು. ತಗ್ಗಿನ ಗೋಡೆಯಿಂದ ಕೆಂಪು ನೀರು ಮತ್ತೆ ಒಸರುತ್ತಿತ್ತು. ಹಿಂದಿನಿಂದ ಎರಡನೆಯ ಡಬ್ಬಿ ನನ್ನ ಕೈಗೆ ಬಂತು. ನಾನು ರಾಯರ ಕಡೆ ತಿರುಗಿದೆ.